ಒಂದು ಕಂಪ್ಯೂಟರಿಗೆ ಇಬ್ಬರು ಕಾವಲುಗಾರರು

ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಬರುತ್ತಿದ್ದುದು ಬಸ್ಸಿನಲ್ಲಿ. ಈ ಮಾತನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಸಮರ್ಥಿಸಬಲ್ಲೆ. ತಮಿಳು ಗಡಿಯೊಳಗಿದ್ದರೂ ಕನ್ನಡವಾಡುವ ಪಣಕಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಓರಗಿತ್ತಿ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ, ಸುತ್ತಲ ಊರಿನವರಿಗೆ ಮದುವೆ, ನಾಮಕರಣ, ಗೃಹಪ್ರವೇಶಗಳ ಪತ್ರಿಕೆಗೆ ಬೇಕಾದ ಕನ್ನಡವನ್ನು ಜೋಡಿಸಿ ಕೊಡುತ್ತಾರೆ. ಅವರನ್ನು ನಾನು ಅಕ್ಕ ಎಂದೇ ಕರೆಯುವುದು. ಪತ್ರಿಕೆಗಳು ಅಚ್ಚಾಗುವುದು ಮಾತ್ರ ಘಾಟಿಯ ಕೆಳಗೆ, ಸತ್ಯಮಂಗಲದ ಒಂದು ಪ್ರೆಸ್ಸಿನಲ್ಲಿ. ಅಲ್ಲಿ ತಮಿಳನ್ನು ಮುತ್ತು ಪೋಣಿಸಿದಂತೆ ಜೋಡಿಸುತ್ತಾರೆ. ಕನ್ನಡ ಬಲ್ಲವರು ಯಾರೂ ಇಲ್ಲ. ನಮ್ಮೂರಿನ ಇಂಟರ್ನೆಟ್ಟು ಬೇಕೆಂದಾಗ ಬರುವುದಲ್ಲ, ತನಗೆ ಬೇಕೆಂದಾಗ ಬರುವುದು. ಆದ್ದರಿಂದ ಅಕ್ಕ ಮುಗಿಸಿದ್ದನ್ನು ಪೆನ್ ಡ್ರೈವಿಗೆ ತುಂಬಿಸಿ, ಅದನ್ನು ಹಳೆಯ ಕುಂಕುಮದ ಭರಣಿಯೊಳಗಿಟ್ಟು, ಬಸ್ಸಿನ ಕಂಡಕ್ಟರ ಕೈಗೆ ಕೊಡುವರು. ಕಂಡಕ್ಟರು ಕೆಳಗೆ ಬಸ್‌ಸ್ಟ್ಯಾಂಡಿನಲ್ಲಿ ಪ್ರೆಸ್ಸಿನವರಿಗೆ ಒಪ್ಪಿಸುವರು. ಮಾರನೆಯ ದಿನ ಭರಣಿ ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಹತ್ತಿಕೊಂಡು ಮನೆಗೆ ವಾಪಸು. ಒಳಗೆ ನಮ್ಮ ಪೆನ್ ಡ್ರೈವು, ಪೆನ್ ಡ್ರೈವಿನೊಳಗೆ ನಾವು ಕಳಿಸದ ಅತಿಥಿಗಳು.

ಆ ಸಲ ಬಂದ ಅತಿಥಿ ಸ್ವಲ್ಪ ಜೋರಾಗಿಯೇ ಇತ್ತು. ಅಕ್ಕ ಜೋಪಾನವಾಗಿ ಹೆಸರಿಟ್ಟು ಇರಿಸಿದ್ದ ಫೋಲ್ಡರುಗಳೆಲ್ಲ ಬರಿಯ ನೆರಳುಗಳಾಗಿ ಹೋದವು. ಒತ್ತಿದರೆ ತೆರೆಯುವುದಿಲ್ಲ, ಅಳಿಸಿದರೆ ಅಳಿಯುವುದಿಲ್ಲ. ಪರದೆಯ ಮೂಲೆಯಲ್ಲಿ ಹಳೆಯ ಆಂಟಿವೈರಸ್ಸಿನ ಕೆಂಪು ಚೌಕವೊಂದು ಎದ್ದು, ತನ್ನ ಅವಧಿ ಮುಗಿದಿದೆಯೆಂದೂ ದಯವಿಟ್ಟು ನವೀಕರಿಸಬೇಕೆಂದೂ ಬೇಡಿಕೊಳ್ಳುತ್ತಿತ್ತು. ಅದು ಬಹುಕಾಲದಿಂದ ಹಾಗೆ ಬೇಡಿಕೊಳ್ಳುತ್ತಲೇ ಇತ್ತು. ನಮ್ಮ ಅತ್ತೆ ಕಸ ಗುಡಿಸುವಾಗ ಆ ಚೌಕ ಕಂಡರೆ, ಮೌಸ್ ಹಿಡಿದು ಅದರ ತಲೆಯ ಮೇಲಿನ ಗುಣಿಸುವ ಗುರುತನ್ನು ಒತ್ತಿ ಮುಚ್ಚುವುದನ್ನು ಕಲಿತುಬಿಟ್ಟಿದ್ದರು. ಕಂಪ್ಯೂಟರಿನಲ್ಲಿ ಅವರಿಗೆ ಬರುತ್ತಿದ್ದ ಕೆಲಸ ಅದೊಂದೇ. ಅದನ್ನು ಅವರು ಬಲು ಅಚ್ಚುಕಟ್ಟಾಗಿ ಮಾಡುತ್ತಿದ್ದರು.

ನಾನು ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವಳು. ಈ ಮನೆಗೆ ಸೊಸೆಯಾಗಿ ಬಂದಾಗ ಒಂದು ಸಂಕಲ್ಪವನ್ನೂ ಜೊತೆಗೆ ತಂದಿದ್ದೆ. ಮನೆಯ ಯಾವ ನಿರ್ಧಾರವೂ ಒಬ್ಬರ ಗಂಟಲಿನ ಬಲದಿಂದ ಆಗಬಾರದು, ಎಲ್ಲರೂ ಸಮವಾಗಿ ಕುಳಿತು ಮಾತಾಡಿ ಆಗಬೇಕು ಎಂಬುದು ಆ ಸಂಕಲ್ಪ. ನನಗೆ ಇಂದಿಗೂ ಆಶ್ಚರ್ಯ, ಮನೆಯವರು ಅದನ್ನು ಒಪ್ಪಿಕೊಂಡರು. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಎಲ್ಲರೂ ಕೂರುವುದು, ವಿಷಯ ಮಂಡಿಸುವುದು, ಕೈಯೆತ್ತುವುದು ರೂಢಿಯಾಯಿತು. ಅತ್ತೆ ಮಾತ್ರ ಯಾರ ಮಾತು ಬೇಗ ಮುಗಿಯುವುದೋ ಅವರಿಗೇ ತಮ್ಮ ಕೈಯೆತ್ತುವರು, ದನಗಳಿಗೆ ಹುಲ್ಲು ಹಾಕುವ ಹೊತ್ತಾಗುವುದೆಂದು.

ಆ ಭಾನುವಾರ ನಾನು ಮಂಡಿಸಿದ ವಿಷಯ, ಹಳೆಯ ಆಂಟಿವೈರಸ್ಸನ್ನು ತೆಗೆದು ಹೊಸದನ್ನು ಹಾಕಬೇಕು ಎಂಬುದು. ಹಳೆಯದು ಅವಧಿ ಮೀರಿದ್ದಷ್ಟೇ ಆಗಿದ್ದರೆ ಮಾತು ಚಿಕ್ಕದಾಗುತ್ತಿತ್ತು. ಅದು ಯಾರೋ ಬೀಗ ಮುರಿದು ಹಂಚಿದ ಪ್ರತಿ. ಕಂಪ್ಯೂಟರು ಬಂದ ಕಾಲದಲ್ಲಿ ಯಾರದೋ ಪೆನ್ ಡ್ರೈವಿನಿಂದ ನಮ್ಮ ಮನೆಗೆ ಇಳಿದದ್ದು. "ಕಾವಲುಗಾರನನ್ನೇ ಕದ್ದು ತಂದಿರಿಸಿಕೊಂಡರೆ, ಕದಿಯುವುದು ತಪ್ಪೆಂದು ಅವನಿಗೆ ಯಾರು ತಿಳಿಹೇಳಬೇಕು?" ಎಂದು ಕೇಳಿದೆ. ವಾಕ್ಯ ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು.

ಮಾವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ನಕ್ಕರು. "ಕದ್ದಿದ್ದೊ ಕೊಟ್ಟಿದ್ದೊ, ಇಷ್ಟು ದಿವ್ಸ ಬಾಗ್ಲಲ್ಲಿ ನಿಂತಿತ್ತಲ್ಲವ್ವ, ಪಾಪ."

"ನಿಂತಿತ್ತು ಮಾವ. ಕಣ್ಣು ಮುಚ್ಚಿಕೊಂಡು ನಿಂತಿತ್ತು."

"ನಾನೂ ಅಂಗೇ ನಿಂತಿವ್ನಿ, ನನ್ನೂ ತಗದಾಕ್ಬುಡು ಮತ್ತ," ಎಂದರು. ಅತ್ತೆ ತಕ್ಷಣ ಕೈಯೆತ್ತಿದರು. ಯಾವುದಕ್ಕೆ ಎತ್ತಿದರೆಂದು ಯಾರೂ ಕೇಳಲಿಲ್ಲ, ಎಲ್ಲರೂ ನಗುತ್ತಿದ್ದೆವು. ಹೊಸದನ್ನು ತರುವುದೆಂದು ತೀರ್ಮಾನವಾಯಿತು.

ಸೋಮವಾರ ತಾಳವಾಡಿಯ ಕಂಪ್ಯೂಟರ್ ಅಂಗಡಿಯಿಂದ ಹೊಸ ಆಂಟಿವೈರಸ್ಸಿನ ಡಬ್ಬಿಯನ್ನು ರಸೀದಿಯ ಸಮೇತ ತಂದೆ. ಇದನ್ನು ಹಾಕುವ ಮೊದಲು ಹಳೆಯದನ್ನು ತೆಗೆಯಬೇಕೆಂದು ಅಂಗಡಿಯವರು ಹೇಳಿಯೇ ಕೊಟ್ಟಿದ್ದರು. ಅದನ್ನು ನಾನು ಮನೆಯಲ್ಲಿ ಹೇಳಿದಾಗ ಮಾವ ನಗಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮ ಹೊಲ ಕಾಡಿನ ಅಂಚಿಗೇ ಇದೆ. ಮುಸುಕಿನ ಜೋಳ ಹಾಲುಗಟ್ಟಿತೆಂದರೆ ಆನೆ, ಹಂದಿ ಎರಡಕ್ಕೂ ಸುದ್ದಿ ಮುಟ್ಟುತ್ತದೆ. ರಾತ್ರಿ ಕಾವಲಿಗೆ ಮರದ ಮೇಲೆ ಅಟ್ಟಣೆ ಕಟ್ಟಿ ಒಬ್ಬರನ್ನು ನೇಮಿಸುವುದುಂಟು. ಕಾವಲಿನವರು ಬದಲಾಗುವಾಗ ನಮ್ಮ ಮನೆಯದೊಂದು ಪದ್ಧತಿ: ಹೊಸಬ ಬಂದ ದಿನವೇ ಹಳಬನನ್ನು ಕಳಿಸುವುದಿಲ್ಲ. ಆ ಫಸಲು ಮನೆಗೆ ಬರುವವರೆಗೂ ಇಬ್ಬರೂ ಒಂದೇ ಅಟ್ಟಣೆಯ ಮೇಲೆ ಕೂರಬೇಕು. ಆನೆ ಯಾವ ಕಡೆಯಿಂದ ಬರುತ್ತದೆ, ಬೇಲಿ ಎಲ್ಲಿ ಸಡಿಲ, ಹಂದಿಯ ಗುಟುರು ಎಲ್ಲಿಂದ ಕೇಳಿಸುತ್ತದೆ ಎಂಬುದನ್ನೆಲ್ಲ ಹಳಬ ಹೊಸಬನಿಗೆ ತೋರಿಸಿಕೊಟ್ಟು, ಸುಗ್ಗಿಯ ರಾಗಿಯನ್ನು ಮಡಿಲಿಗೆ ತುಂಬಿಸಿಕೊಂಡು ಹೋಗುತ್ತಾನೆ.

"ಒಸಬ ಬಂದ ಅಂದ್ಬುಟ್ಟು ಪೈರು ಮನಗ ಬರಾಕ್ಮುಂಚೆ ಅಳಬುನ್ನ ಯಾರಾರ ಕಳುಸ್ತಾರವ್ವ?" ಎಂದರು ಮಾವ. "ಈ ಮನಗ ಯಾವ ಕಡಿಂದ ಕಳ್ಳ ಬತ್ತಾನ ಅಂತ ಒಸದಕ್ಕ ಏನ್ ಗೊತ್ತು? ಮದ್ವ ಪತ್ರಿಕ ಒಂದು ಓಗಿಬುಡ್ಲಿ. ಆಮೇಲ ಅದ್ರ ಪಾಡ್ಗ ಅದು ಓಯ್ತದ."

ಎದುರಾಳಿಯ ವಾದದಲ್ಲಿ ಅತ್ಯಂತ ಗಟ್ಟಿಯಾದುದನ್ನು ಮೊದಲು ಗೌರವಿಸಬೇಕೆಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಗೌರವಿಸಿದೆ. ಕೆಲಸದಿಂದ ತೆಗೆದವರನ್ನು ಮರ್ಯಾದೆಯಿಂದ ಕಳಿಸಿಕೊಡಬೇಕು ಎಂಬ ತತ್ತ್ವವನ್ನು ನಾನೇ ಎಷ್ಟೋ ವೇದಿಕೆಗಳಲ್ಲಿ ಪ್ರತಿಪಾದಿಸಿದ್ದೆ. ಇಲ್ಲಿ ಅದು ನಮ್ಮ ಅಟ್ಟಣೆಯ ಮೇಲೆಯೇ ಜೀವಂತವಾಗಿತ್ತು. ಅಕ್ಕನಿಗೂ ಮಾವನ ಮಾತು ಹಿಡಿಸಿತು. ಹೊಸ ಆಂಟಿವೈರಸ್ಸು ತಾನು ಕೂರುವ ಮೊದಲು "ಇಲ್ಲಿ ಇನ್ನೊಂದು ಇದೆ, ಅದನ್ನು ತೆಗೆಯಲೇ?" ಎಂದು ಬಹಳ ವಿನಯವಾಗಿ ಕೇಳಿತು. ಬೇಡ, ಮುಂದುವರಿ ಎಂಬುದನ್ನು ಮೂವರೂ ಸೇರಿ ಒತ್ತಿದೆವು. ಮಾವನ ಬೆರಳು ಎಲ್ಲಕ್ಕಿಂತ ಮೇಲಿತ್ತು.

ಇನ್ನು ಆ ಪತ್ರಿಕೆಯ ವಿಚಾರ. ದೊಡ್ಡಗಾಜನೂರಿನ ಒಂದು ಮನೆಯ ಹುಡುಗಿಗೆ ಚಾಮರಾಜನಗರದ ಕಡೆಯ ಗಂಡು ಗೊತ್ತಾಗಿತ್ತು. ಪ್ರೆಸ್ಸಿನವರು ತಮಿಳಿನಲ್ಲಿ ಪತ್ರಿಕೆ ಜೋಡಿಸಿ ಸಿದ್ಧವಾಗಿಯೇ ಇಟ್ಟಿದ್ದರು. ಆದರೆ ಹುಡುಗಿಯ ತಾಯಿಗೆ ಅದು ಒಪ್ಪಿಗೆಯಿಲ್ಲ. ಗಂಡಿನ ಕಡೆಯವರಲ್ಲಿ ತಮಿಳು ಓದುವವರೇ ಇಲ್ಲ, ತಮ್ಮ ಮನೆಯ ಹಿರಿಯರಿಗೂ ಕನ್ನಡವೇ ಬರುವುದು. ಅಕ್ಕ ಆಕೆಗೆ ಮಾತು ಕೊಟ್ಟಿದ್ದರು: ಪೂರ್ತಿ ಕನ್ನಡದ ಪತ್ರಿಕೆ, ಬುಧವಾರ ಮಧ್ಯಾಹ್ನದ ಬಸ್ಸಿಗೆ. ಶುಕ್ರವಾರ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟ ಮೇಲೆಯೇ ಹಂಚುವುದು. ಮಾರನೆಯ ದಿನ ಯಂತ್ರ ಬೇರೆ ಕೆಲಸಕ್ಕೆ ಹೋಗುವುದರಿಂದ, ಆ ಬಸ್ಸು ತಪ್ಪಿದರೆ ತಮಿಳಿನದನ್ನೇ ಅಚ್ಚು ಹಾಕಿಬಿಡುತ್ತೇವೆಂದು ಪ್ರೆಸ್ಸಿನವರು ಹೇಳಿದ್ದರು. ಅದುವರೆಗೆ ಅಕ್ಕನ ಕೈಗೆ ಬರುತ್ತಿದ್ದುದು ತಮಿಳಿನ ಪತ್ರಿಕೆಯ ಹಿಂಬದಿಗೆ ಹಾಕುವ ನಾಲ್ಕಾರು ಸಾಲು. ಇಡೀ ಪತ್ರಿಕೆ ಅವರದೇ ಆಗುವುದು ಇದೇ ಮೊದಲು. ಮಂಗಳವಾರ ಕಂಪ್ಯೂಟರು ತುಸು ಏದುಸಿರು ಬಿಟ್ಟರೂ, ಸೋದರಮಾವಂದಿರ ಹೆಸರುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಕ್ಕ ಜೋಡಿಸಿ ಮುಗಿಸಿದ್ದರು.

ಬುಧವಾರ ಬೆಳಿಗ್ಗೆ ಕಂಪ್ಯೂಟರಿನ ಪರದೆ ಬೆಳಗಿತು. ಅಲ್ಲಿಂದ ಮುಂದಕ್ಕೆ ಅದು ಕದಲಲಿಲ್ಲ.

ಮೌಸನ್ನು ಸರಿಸಿದರೆ ಬಾಣ ಬಹಳ ಹೊತ್ತು ಯೋಚಿಸಿ ಆಮೇಲೆ ಒಂದು ಗೇಣು ನಡೆಯುವುದು. ಒಂದು ಚೌಕ ಎದ್ದು ಅನುಮಾನಾಸ್ಪದ ಚಟುವಟಿಕೆ ಕಂಡಿತೆನ್ನುವುದು. ಅದರ ಮೇಲೆ ಇನ್ನೊಂದು ಚೌಕ ಎದ್ದು ಅದೇ ಮಾತನ್ನು ಬೇರೆ ಬಣ್ಣದಲ್ಲಿ ಹೇಳುವುದು. ಓದಿ ನೋಡಿದಾಗ ತಿಳಿಯಿತು. ಹಳೆಯದು ವೈರಸ್ಸುಗಳ ಗುರುತುಗಳನ್ನು ಕೂಡಿಟ್ಟುಕೊಂಡಿದ್ದ ಕಡತವನ್ನು ಹೊಸದು ವೈರಸ್ಸೆಂದು ಹಿಡಿಯುತ್ತಿತ್ತು. ಹೊಸದು ತನ್ನ ಕಡತಗಳ ಮೇಲೆ ಕೈಯಿಡುತ್ತಿದೆಯೆಂದು ಹಳೆಯದು ಅದನ್ನು ತಡೆಯುತ್ತಿತ್ತು. ಕಣ್ಣು ಮುಚ್ಚಿ ನಿಂತಿತ್ತೆಂದು ನಾನು ದೂರಿದ್ದ ಹಳೆಯದು, ಪಕ್ಕದಲ್ಲಿ ಇನ್ನೊಂದು ಬಂದು ಕುಳಿತ ಕೂಡಲೇ ಪೂರ್ತಿ ಎಚ್ಚೆತ್ತುಕೊಂಡಿತ್ತು. ಎರಡೂ ಒಂದನ್ನೊಂದು ಕಾಯುವುದರಲ್ಲಿ ಮುಳುಗಿ, ಮನೆಯ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಒಂದಿಷ್ಟೂ ತ್ರಾಣ ಉಳಿದಿರಲಿಲ್ಲ.

ಅಕ್ಕ ಕುರ್ಚಿಯ ತುದಿಯಲ್ಲಿ ಕುಳಿತು ಸೆರಗಿನಿಂದ ಪರದೆಯನ್ನು ಒರೆಸಿದರು, ಅದರಿಂದೇನಾದರೂ ಆಗಬಹುದೇನೋ ಎಂಬಂತೆ. "ಮಾತು ಕೊಟ್ಬುಟ್ಟಿವ್ನಿ ಕಣಮ್ಮಿ. ತಮುಳು ಪತ್ರಿಕೆನೇ ಬಂದ್ಬುಟ್ರ ಇನ್ನು ಯಾರ್ ನನ್ ತಾವ್ಕ ಬಂದಾರು?"

ಸರಿಯಾಗಿ ಆ ಹೊತ್ತಿಗೆ ಹುಡುಗಿಯ ತಾಯಿ ಬಂದರು. ಪತ್ರಿಕೆಯನ್ನು ಬಸ್ಸು ಹತ್ತಿಸುವ ಮೊದಲು ಒಂದು ಸಲ ಕಣ್ಣಲ್ಲಿ ನೋಡಿ ಹೋಗೋಣವೆಂದು, ದೊಡ್ಡಗಾಜನೂರಿನಿಂದ ಯಾರದೋ ಗಾಡಿಯ ಹಿಂದೆ ಕುಳಿತು ಬಂದಿದ್ದರು. ಅತ್ತೆ ಅವರನ್ನು ಕೂರಿಸಿ ಕಾಫಿ ಕೊಟ್ಟರು. ಬಾಣ ಇನ್ನೂ ಯೋಚಿಸುತ್ತಿತ್ತು. ಅತ್ತೆ ಇನ್ನೊಂದು ಲೋಟ ಕಾಫಿ ತಂದರು.

"ಕಾಪಿ ಸಾಕು ಕಣಕ್ಕ," ಎಂದರು ಅವರು. "ಪತ್ರಿಕ ಎಲ್ಲದ?"

"ಒಳ್ಗಡ ಅದ," ಎಂದರು ಅತ್ತೆ, ಹೆರಿಗೆ ಕೋಣೆಯ ಹೊರಗೆ ನಿಂತವರ ದನಿಯಲ್ಲಿ. "ಇನ್ನೇನು ಬತ್ತದ."

ಹಳೆಯದನ್ನು ತೆಗೆಯದೆ ಬೇರೆ ದಾರಿಯಿಲ್ಲವೆಂದು ನನಗೆ ಸ್ಪಷ್ಟವಾಗಿತ್ತು. ಆದರೆ ಸೋಮವಾರ ಎಲ್ಲರೂ ಸೇರಿ ಒಪ್ಪಿದ್ದನ್ನು ಬುಧವಾರ ನಾನೊಬ್ಬಳೇ ಮುರಿಯುವುದು ಹೇಗೆ? ನನ್ನ ಪದ್ಧತಿಗೆ ನಾನೇ ಮೊದಲ ಅಪವಾದವಾದರೆ ಆಮೇಲೆ ಭಾನುವಾರಗಳಿಗೆ ಅರ್ಥವಿಲ್ಲ. ಹಿತ್ತಲಿನಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವನನ್ನು ಕರೆದು, ಕಂಪ್ಯೂಟರಿನ ಮುಂದೆಯೇ ತುರ್ತು ಸಭೆಯೆಂದು ಸಾರಿದೆ. ತೀರ್ಪು ಹೇಳಲು ಹೊರಗಿನವರೊಬ್ಬರಿದ್ದರೆ ಒಳ್ಳೆಯದೆಂದು ಹುಡುಗಿಯ ತಾಯಿಯನ್ನೇ ಅಧ್ಯಕ್ಷತೆಗೆ ಕೇಳಿಕೊಂಡೆ.

"ನಾನು ಮದ್ವ ಪತ್ರಿಕ ನೋಡಾಕ ಬಂದೋಳು ಕಣವ್ವ," ಎಂದರು ಅವರು. ಆದರೂ ಕಾಲು ಮಡಿಸಿ ಸರಿಯಾಗಿ ಕುಳಿತರು.

ನಾನು ಪರದೆಯ ಮೇಲಿನ ಚೌಕಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದೆ. ಇದು ಅದನ್ನು ಕಳ್ಳನೆನ್ನುತ್ತಿದೆ, ಅದು ಇದನ್ನು. ಮಾವ ತಲೆಯಾಡಿಸುತ್ತ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು. "ಇವೆರಡೂ ಒಂದ್ರ ಮಾತು ಒಂದಕ್ಕ ತಿಳ್ದಾವ?"

"ಇಲ್ಲ ಮಾವ. ಒಂದು ಇನ್ನೊಂದಕ್ಕೆ ಏನನ್ನೂ ಹೇಳಿಕೊಡಲಾರದು."

"ಅಂಗಾರ ಕೂರ್ಸಿ ಏನ್ ಬಂತು?" ಎಂದರು ಮಾವ, ತಮ್ಮ ವಾದವನ್ನು ತಾವೇ ಎತ್ತಿ ಬದಿಗಿಡುತ್ತ. "ಅಟ್ಟಣ ಮೇಲ ಇಬ್ರು ಕೂರದು ರಾತ್ರಿಯೆಲ್ಲ ಮಾತಾಡ್ಲಿ ಅಂತ. ಮಾತಿಲ್ದೆ ಇಬ್ರುನ್ನ ಒಂದೇ ಕಡ ಕಟ್ಟಾಕುದ್ರ ಕಚ್ಚಾಡ್ದೆ ಇನ್ನೇನ್ ಮಾಡಾವು?"

ಇಷ್ಟು ಚೊಕ್ಕವಾಗಿ ತನ್ನದೇ ಪಕ್ಷವನ್ನು ಪರೀಕ್ಷಿಸಿ ಕೈಬಿಟ್ಟ ವಾದಿಯನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ. ಅಧ್ಯಕ್ಷರು, "ಯಾವುದಾರ ಒಂದುನ್ನ ಮಡಿಕಳಿ, ಬಸ್ಸು ಬತ್ತದ," ಎಂದು ತೀರ್ಪಿತ್ತರು.

ಮಾವ ಒಂದು ಷರತ್ತು ಹಾಕಿದರು: ಹಳೆಯದನ್ನು ತಾವೇ ಕಳಿಸಿಕೊಡಬೇಕು. ಮೌಸಿನ ಮೇಲೆ ಅವರ ಕೈಯಿಟ್ಟೆ. ತೆಗೆ ಎಂಬುದನ್ನು ಒತ್ತಿದರು. ನಿಜವಾಗಿಯೂ ತೆಗೆಯಬೇಕೇ ಎಂದು ಅದು ಕೇಳಿತು. ಹೌದೆಂದರು. ತೆಗೆದರೆ ನಿಮ್ಮ ಕಂಪ್ಯೂಟರಿಗೆ ಅಪಾಯವೆಂದಿತು. ಮತ್ತೆ ಹೌದೆಂದರು. ಹೋಗುವ ಮೊದಲು ಕಾರಣವನ್ನಾದರೂ ತಿಳಿಸಿ ಎಂದು ಪ್ರಶ್ನೆಗಳ ಸಾಲೊಂದನ್ನು ಮುಂದಿಟ್ಟಿತು.

"ಓಗಪ್ಪ ಸಾಕು, ನಿನ್ ಮ್ಯಾಲ ನಮಗೇನೂ ಬೇಜಾರಿಲ್ಲ," ಎಂದು ಮಾವ ಪರದೆಗೇ ಹೇಳಿದರು. ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿ ನಗತೊಡಗಿದರು. ಅಕ್ಕ ಮಾತ್ರ ನಗಲಿಲ್ಲ. ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು.

ಕಂಪ್ಯೂಟರು ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಾಗ ಬಾಣ ಹಕ್ಕಿಯಂತೆ ಹಾರಿತು. ಅಕ್ಕ ಪತ್ರಿಕೆಯನ್ನು ತೆರೆದು, ಉಳಿದಿದ್ದ ಸೋದರಮಾವಂದಿರ ಹೆಸರುಗಳನ್ನು ಸೇರಿಸಲು ಕೀಲಿಮಣೆಯ ಮೇಲೆ ಕೈಯಿಟ್ಟರು. ಬಿದ್ದದ್ದು ಇಂಗ್ಲಿಷ್ ಅಕ್ಷರಗಳು. ಮತ್ತೊಮ್ಮೆ ಒತ್ತಿದರು. ಮತ್ತೂ ಅವೇ. ಕನ್ನಡ ಟೈಪಿಂಗಿನ ತಂತ್ರಾಂಶವೇ ಕಾಣೆಯಾಗಿತ್ತು.

ಹೊಸ ಆಂಟಿವೈರಸ್ಸು ಎದುರಾಳಿಯ ಕಾಟ ತಪ್ಪಿದ ಕೂಡಲೇ ಮನೆಯನ್ನೆಲ್ಲ ಶೋಧಿಸಿ, ಕನ್ನಡವನ್ನು ಹಿಡಿದು ಕೂಡಿಹಾಕಿತ್ತು. ಪರದೆಯ ಮೇಲೆ ಅದು ಕೊಟ್ಟಿದ್ದ ಕಾರಣದಲ್ಲಿ ತರ್ಕದೋಷವೇನೂ ಇರಲಿಲ್ಲ. ನಾವು ಒತ್ತುವ ಪ್ರತಿಯೊಂದು ಅಕ್ಷರವನ್ನೂ ಈ ತಂತ್ರಾಂಶ ನಡುವೆ ನಿಂತು ಹಿಡಿದು ಬದಲಾಯಿಸುತ್ತದೆ. ಗುಟ್ಟಿನ ಮಾತುಗಳನ್ನು ಕದಿಯುವ ಬೇಹುಗಾರ ತಂತ್ರಾಂಶಗಳೂ ಹಾಗೆಯೇ ನಡುವೆ ನಿಲ್ಲುತ್ತವೆ. ಇಂಗ್ಲಿಷಿನ ಕೀಲಿಯಿಂದ ಕನ್ನಡದ ಅಕ್ಷರ ಹುಟ್ಟಬೇಕಾದರೆ ನಡುವೆ ಒಬ್ಬರು ನಿಲ್ಲಲೇಬೇಕಲ್ಲ ಎಂಬುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ. ತಿಳಿಸುವವರೂ ಇರಲಿಲ್ಲ.

"ಮನ ಮಗುನ್ನೇ ಕಳ್ಳ ಅಂತ ಇಡ್ಕಬುಟ್ಟದಲ್ಲ!" ಎಂದರು ಅಕ್ಕ. ಈಗ ಅವರಿಗೂ ನಗು ಬಂದಿತ್ತು, ಅಳುವಿನ ಅಂಚಿನ ನಗು.

"ಒಸಾ ನಾಯಿ ತಂದಾಗ ಏನ್ ಮಾಡ್ತೀವಿ?" ಎಂದರು ಅತ್ತೆ ಅಡುಗೆಮನೆಯ ಬಾಗಿಲಿನಿಂದ. "ಮನೆಯೋರ ಕೈನೆಲ್ಲ ಒಂದ್ಸಲ ಮೂಸುಸ್ತೀವಿ. ಇದುಕ್ಕೂ ಮೂಸ್ಸಿ."

ಅದಕ್ಕೂ ಮೂಸಿಸುವ ಜಾಗವೊಂದಿತ್ತು. ಹುಡುಕುತ್ತ ಹೋದಾಗ ಸಿಕ್ಕಿತು: ಕೂಡಿಹಾಕಿದವುಗಳ ಕೋಣೆ, ಅಲ್ಲಿಂದ ಬಿಡಿಸುವ ಗುಂಡಿ, ಪಕ್ಕದಲ್ಲೇ ಇನ್ನು ಮುಂದೆ ಇದನ್ನು ನಂಬು ಎನ್ನುವ ಇನ್ನೊಂದು ಗುಂಡಿ. ನಾನು ಓದಿ ಹೇಳಿದೆ, ಅಕ್ಕ ಒತ್ತಿದರು. ಕೀಲಿಮಣೆಯ ಮೇಲೆ ಮತ್ತೆ ಕೈಯಿಟ್ಟಾಗ ಬಿದ್ದ ಮೊದಲ ಅಕ್ಷರ 'ಸೋ'. ಸೋದರಮಾವಂದಿರು ಒಬ್ಬೊಬ್ಬರಾಗಿ ಬಂದು ಪತ್ರಿಕೆಯಲ್ಲಿ ನಿಂತರು. ಹುಡುಗಿಯ ತಾಯಿ ಅಕ್ಕನ ಹೆಗಲ ಮೇಲಿನಿಂದ ಬಗ್ಗಿ ಮೆಲುದನಿಯಲ್ಲಿ ಪ್ರತಿ ಹೆಸರನ್ನೂ ಓದಿದರು. ಕೊನೆಯಲ್ಲಿ, "ನಮ್ ದೊಡ್ಡತ್ತೆ ಎಸ್ರು ಇನ್ನೊಸಿ ದಪ್ಪ ಮಾಡು ಮಗ, ಇಲ್ದಿದ್ರ ಮದ್ವಗೇ ಬರಲ್ಲ ಅವ್ರು," ಎಂದರು. ಅಕ್ಕ ದಪ್ಪ ಮಾಡಿದರು.

ಪೆನ್ ಡ್ರೈವನ್ನು ಹೊಸ ಆಂಟಿವೈರಸ್ಸು ಶೋಧಿಸಿ, ಹಿಂದಿನ ಅತಿಥಿಗಳನ್ನೆಲ್ಲ ಹೊರಗಟ್ಟಿ, ಹಸಿರು ಗುರುತು ತೋರಿಸಿತು. ಪತ್ರಿಕೆಯನ್ನು ಅದಕ್ಕೆ ತುಂಬಿಸಿದೆವು. ನಾನು ಭರಣಿಯನ್ನು ಎತ್ತಿಕೊಂಡು ಬಸ್ಸಿನ ಕಡೆ ಹೊರಟಾಗ ಅಕ್ಕ ತಡೆದರು. ಪೆನ್ ಡ್ರೈವನ್ನು ಭರಣಿಯಿಂದ ತೆಗೆದು ತಮ್ಮ ಮುಷ್ಟಿಯಲ್ಲಿ ಹಿಡಿದರು.

"ಈ ಸಲ ನಾನೇ ಓಯ್ತೀನಿ. ಆ ಪ್ರೆಸ್ಸು ಎಂಗದ ಅಂತ ನೋಡೇಬುಡ್ತೀನಿ."

ಅಷ್ಟು ಪತ್ರಿಕೆಗಳನ್ನು ಕಳಿಸಿದ್ದ ಅಕ್ಕ ಪ್ರೆಸ್ಸಿನ ಮುಖ ನೋಡಿಯೇ ಇರಲಿಲ್ಲ. ನಾನು ಅದರ ಪರವಾಗಿ ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈಯೆತ್ತಿಬಿಟ್ಟಿದ್ದರು, ಮಾವನೂ ಎತ್ತಿದ್ದರು. ಹುಡುಗಿಯ ತಾಯಿ, "ನಾನೂ ಬತ್ತೀನಿ ನಡಿ, ಕಾಗ್ದದ ಬಣ್ಣ ನಾನೇ ಆರುಸ್ತೀನಿ," ಎಂದು ಚಪ್ಪಲಿ ಮೆಟ್ಟಿದರು. ಇಬ್ಬರೂ ಓಡಿಯೇ ಬಸ್ಸು ಹಿಡಿದರು. ದಿಂಬಂನಲ್ಲಿ ಬಸ್ಸು ಟೀಗೆ ನಿಂತಾಗ ಅಕ್ಕ ಫೋನ್ ಮಾಡಿದರು. ಗಾಳಿಯ ಸದ್ದಿನಲ್ಲಿ ಕೇಳಿಸಿದ್ದು ಇಷ್ಟೇ: "ಪೆನ್ ಡ್ರೈವು ಕೈಲೇ ಅದ ಕಣಮ್ಮಿ."

ಸಂಜೆಯ ಬಸ್ಸಿನಲ್ಲಿ ಅಕ್ಕ ಒಬ್ಬರೇ ಮರಳಿದರು. ಹುಡುಗಿಯ ತಾಯಿ ದಾರಿಯಲ್ಲೇ ತಮ್ಮೂರಿಗೆ ಇಳಿದುಕೊಂಡಿದ್ದರು. ಅಕ್ಕ ಜಗಲಿಯ ಮೇಲೆ ಕುಳಿತು ನೀರು ಕುಡಿದು ನಡೆದದ್ದನ್ನು ಹೇಳಿದರು. ಪ್ರೆಸ್ಸಿನವರು ಪೆನ್ ಡ್ರೈವಿಗೆ ಕೈ ನೀಡಿದ್ದಾರೆ. ಅಕ್ಕ ಕೊಟ್ಟಿಲ್ಲ. ಮೊದಲು ನಿಮ್ಮ ಕಂಪ್ಯೂಟರಿನ ಆಂಟಿವೈರಸ್ಸು ತೋರಿಸಿ ಎಂದು ತಮಿಳಿನಲ್ಲಿ ಕೇಳಿದ್ದಾರೆ. ಅಲ್ಲಿಯೂ ಮೂಲೆಯಲ್ಲಿ ಒಂದು ಕೆಂಪು ಚೌಕ ಬೇಡಿಕೊಳ್ಳುತ್ತಿತ್ತಂತೆ. ಅಕ್ಕ ಅವರಿಗೆ ಸಮಾಧಾನವಾಗಿ ವಿಷಯ ಮಂಡಿಸಿ, ಒಳಗಿನ ಹೊಸ ಕಂಪ್ಯೂಟರಿಗೆ ಪೆನ್ ಡ್ರೈವು ಹಾಕಿಸಿ, ಮೊದಲ ಪ್ರತಿ ಅಚ್ಚಾಗಿ ಹೊರಬರುವವರೆಗೂ ಯಂತ್ರದ ಪಕ್ಕದಿಂದ ಕದಲಿಲ್ಲ.

ಆ ಮೊದಲ ಪ್ರತಿಗಳಲ್ಲಿ ಒಂದನ್ನು ಚೀಲದಿಂದ ತೆಗೆದರು. ಅರಿಸಿನದ ಬಣ್ಣದ ಕಾಗದ, ಮೈತುಂಬ ಕನ್ನಡ. ಮಾವ ತೋಳು ನೀಡಿ ದೂರ ಹಿಡಿದು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದರು. ಕೊನೆಯಲ್ಲಿ ಪ್ರೆಸ್ಸಿನ ಹೆಸರಿನ ಕೆಳಗೆ ಒಂದು ಸಣ್ಣ ಸಾಲಿತ್ತು. ಬೆಳಗ್ಗೆ ನಾನು ನೋಡಿದಾಗ ಅದು ಇರಲಿಲ್ಲ. 'ಕನ್ನಡ ಅಕ್ಷರ ಜೋಡಣೆ: ಪಣಕಹಳ್ಳಿ.'

"ಮದ್ವ ಅವ್ರೂರ್ಲಲ್ವ?" ಎಂದರು ಅತ್ತೆ. "ನಮ್ಮೂರೆಸ್ರು ಯಾಕವ್ವ ಆಕ್ಸಿದೈ?"

"ಕನ್ನಡದ್ ಪತ್ರಿಕ ಬೇಕಾದೋರು ಎಲ್ಲಿಗ್ ಬರ್ಬೇಕು ಅಂತ ಗೊತ್ತಾಗ್ಬೇಕಲ್ಲತ್ತೆ," ಎಂದರು ಅಕ್ಕ. "ಪ್ರೆಸ್ಸಿನೋರೇ ಆಕಿ ಅಂದ್ರು. ಅಲ್ಲೇ ಕೂತ್ಕಂಡು, ಪತ್ರಿಕ ಒಳಗಿನ್ ಅಕ್ಷರನೇ ಒಂದೊಂದಾಗಿ ಎತ್ಕಂಡು ನಾನೇ ಸೇರ್ಸ್ದಿ."

ಮಾವ ಪತ್ರಿಕೆಯನ್ನು ಇನ್ನೊಮ್ಮೆ ಓದಿದರು, ಈ ಸಲ ಕೊನೆಯ ಸಾಲನ್ನು ಮಾತ್ರ. "ಅಂಗಾರ ಬರೋರ್ಗ ಕೂರಾಕ ಜಾಗ ಬೇಕಾಯ್ತದ," ಎನ್ನುತ್ತ ಎದ್ದು ಒಳಗೆ ಹೋಗಿ, ಎರಡು ಕುರ್ಚಿಗಳನ್ನು ತಂದು ಜಗಲಿಯ ಮೇಲೆ ಇರಿಸಿದರು.